ಎರಡು ಗಂಟೆಯ ರಜೆ, ಒಂದು ಪುಟದ ಕೆಲಸ ಹಂಚಿಕೆ

ಕಾಯಿಲೆಯವರನ್ನೋ ವಯಸ್ಸಾದವರನ್ನೋ ಅಂಗವೈಕಲ್ಯವಿರುವ ಮಗುವನ್ನೋ ಮನೆಯಲ್ಲಿ ನೋಡಿಕೊಳ್ಳುತ್ತ ಕೆಲಸಕ್ಕೂ ಬರುವ ಸಿಬ್ಬಂದಿಗೆ ಸಂಸ್ಥೆ ಏನು ಮಾಡಬಹುದು ಎಂದು ಕೇಳಿದರೆ, ಎಲ್ಲರ ಬಾಯಲ್ಲಿ ಮೊದಲು ಬರುವ ಮಾತು ‘ರಜೆ ಹೆಚ್ಚಿಸೋಣ’. ನಮ್ಮ ಸಮಿತಿಯೂ ಅಲ್ಲಿಂದಲೇ ಶುರು ಮಾಡಿತು. ಒಂದೂವರೆ ವರ್ಷ ಈ ಕೆಲಸದಲ್ಲಿ ಮುಳುಗಿದ ಮೇಲೆ ರಜೆಯ ದಿನಗಳ ಲೆಕ್ಕ ನಮ್ಮ ಪಟ್ಟಿಯಲ್ಲಿ ಮೂರನೆಯ ಜಾಗಕ್ಕೆ ಇಳಿದಿದೆ. ಮೊದಲ ಜಾಗದಲ್ಲಿರುವುದು ಬೇರೆ ಪ್ರಶ್ನೆ: ಆ ವ್ಯಕ್ತಿ ಎದ್ದು ಹೋದಾಗ ಮೇಜಿನ ಮೇಲಿದ್ದ ಕೆಲಸ ಯಾರ ಕೈಗೆ ಹೋಗುತ್ತದೆ? ಯಾರ ಕೈಗೂ ಹೋಗದಿದ್ದರೆ ಕೊಟ್ಟ ರಜೆ ಸಾಲವಾಗುತ್ತದೆ. ರೋಗಿ ಮಲಗಿದ ಮೇಲೆ, ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆದು ತೀರಿಸಬೇಕಾದ ಸಾಲ.

ಸಮಿತಿಯಲ್ಲಿ ಆರು ಜನ. ಎಚ್‌ಆರ್‌ನಿಂದ ಒಬ್ಬರು, ಸಂಬಳದ ಲೆಕ್ಕ ನೋಡುವ ಪೇರೋಲ್‌ನಿಂದ ಒಬ್ಬರು, ಒಬ್ಬ ಶಿಫ್ಟ್ ಮೇಲ್ವಿಚಾರಕರು, ಒಬ್ಬ ಟೀಮ್ ಲೀಡ್, ಮತ್ತು ಸದ್ಯ ಮನೆಯಲ್ಲಿ ಆರೈಕೆಯ ಹೊಣೆ ಹೊತ್ತಿರುವ ಇಬ್ಬರು. ಪೇರೋಲ್‌ನವರನ್ನು ಮೊದಲ ದಿನದಿಂದಲೇ ಕೂರಿಸಿಕೊಳ್ಳಬೇಕು. ನೀತಿ ಬರೆದು ಮುಗಿಸಿದ ಮೇಲೆ ಅವರನ್ನು ಕರೆದರೆ ‘ಸಾಫ್ಟ್‌ವೇರ್‌ನಲ್ಲಿ ಇದು ಆಗಲ್ಲ’ ಎಂಬ ಒಂದೇ ಮಾತಿಗೆ ಇಡೀ ಕರಡು ಕುಸಿಯುತ್ತದೆ. ಸಭೆ ಹದಿನೈದು ದಿನಕ್ಕೊಮ್ಮೆ, 45 ನಿಮಿಷ, ಬೆಳಗ್ಗೆ 11:30ಕ್ಕೆ. ಬೆಳಗಿನ ಒಂಬತ್ತಕ್ಕೆ ಮನೆಯಲ್ಲಿ ಔಷಧ, ಸ್ನಾನ, ತಿಂಡಿ ನಡೆಯುತ್ತಿರುತ್ತದೆ. ಸಂಜೆ ಐದಕ್ಕೆ ಹಗಲಿನ ಸಹಾಯಕರು ಹೊರಡುವ ಹೊತ್ತು. ಆರೈಕೆ ಮಾಡುವವರಿಗಾಗಿ ನಡೆಯುವ ಸಭೆಗೆ ಅವರೇ ಬರಲಾಗದಿದ್ದರೆ ಕೆಲಸ ಅಲ್ಲಿಗೇ ಹಳಿ ತಪ್ಪಿದಂತೆ.

ಮೊದಲ ಸಮೀಕ್ಷೆಯಲ್ಲೇ ಒಂದು ತಪ್ಪಾಯಿತು. ‘ನೀವು ಆರೈಕೆದಾರರೇ?’ ಎಂದು ನೇರವಾಗಿ ಕೇಳಿದ್ದೆವು. ಬಂದ ಉತ್ತರಗಳನ್ನು ನೋಡಿದರೆ ಇಡೀ ಸಂಸ್ಥೆಯಲ್ಲಿ ಅಂಥವರು ಇಲ್ಲವೇ ಇಲ್ಲವೆನ್ನಬೇಕು. ತಾಯಿಗೆ ದಿನಕ್ಕೆ ಮೂರು ಹೊತ್ತು ಇನ್ಸುಲಿನ್ ಕೊಡುವವರು ಕೂಡ ತಮ್ಮನ್ನು ಆ ಪದದಲ್ಲಿ ಗುರುತಿಸಿಕೊಳ್ಳುವುದಿಲ್ಲ. ‘ಅಮ್ಮನ್ನ ನೋಡ್ಕೋತೀನಿ ಅಷ್ಟೇ’ ಎನ್ನುತ್ತಾರೆ. ಎರಡನೇ ಸಲ ಆ ಪದವನ್ನೇ ತೆಗೆದು ಮಾಡುವ ಕೆಲಸಗಳನ್ನು ಕೇಳಿದೆವು. ಕಳೆದ 30 ದಿನಗಳಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೀರಾ? ಯಾರಿಗಾದರೂ ಔಷಧ ಹೊಂದಿಸಿ ಇಟ್ಟಿದ್ದೀರಾ? ಸ್ನಾನಕ್ಕೆ, ಶೌಚಕ್ಕೆ ನೆರವಾಗಿದ್ದೀರಾ? ಅವರಿಗಾಗಿ ರಾತ್ರಿ ಎದ್ದಿದ್ದೀರಾ? ಅವರ ವಿಮೆ, ಬ್ಯಾಂಕ್, ದಾಖಲೆಗಳ ಕೆಲಸ ನಿಮ್ಮದೇ? ಬೇರೆ ಊರಿನಲ್ಲಿರುವವರ ಆರೈಕೆಯನ್ನು ಫೋನಿನಲ್ಲಿ ನಿಭಾಯಿಸುತ್ತಿದ್ದೀರಾ? ಇದಕ್ಕಾಗಿ ಕಳೆದ ತಿಂಗಳು ಯಾವ ರಜೆ ಹಾಕಿದಿರಿ?

ಕೊನೆಯ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಒಂದು ಮತ್ತೆ ಮತ್ತೆ ಕಾಣಿಸಿತು: ‘ಸಿಕ್ ಲೀವ್, ನನ್ನ ಹೆಸರಲ್ಲಿ.’ ಅಂದರೆ ಆರೈಕೆಯ ಹೊರೆ ಮೊದಲಿನಿಂದಲೂ ದಾಖಲೆಯಲ್ಲಿತ್ತು, ಬೇರೆ ಹೆಸರಿನಲ್ಲಿತ್ತು. ಸಮೀಕ್ಷೆಯಲ್ಲಿ ಹೆಸರು ಕೇಳಲಿಲ್ಲ, 10ಕ್ಕಿಂತ ಕಡಿಮೆ ಜನರಿರುವ ಗುಂಪಿನ ಉತ್ತರವನ್ನು ಪ್ರತ್ಯೇಕವಾಗಿ ತೋರಿಸಲೂ ಇಲ್ಲ. ಆರು ಜನರ ಟೀಮಿನಲ್ಲಿ ‘ಒಬ್ಬರು ರಾತ್ರಿ ಏಳುತ್ತಾರೆ’ ಎಂದು ಬರೆದರೆ ಅದು ಯಾರೆಂದು ಊಹಿಸಲು ಯಾರಿಗೂ ಹೊತ್ತು ಬೇಕಾಗುವುದಿಲ್ಲ. ಕಂಪ್ಯೂಟರ್ ಮುಂದೆ ಕೂರದ ಕೆಲಸದವರಿಗೆ ಕಾಗದ ಮತ್ತು ಬೀಗ ಹಾಕಿದ ಪೆಟ್ಟಿಗೆ ಇಟ್ಟೆವು. ಪೆಟ್ಟಿಗೆಯನ್ನು ಮೇಲ್ವಿಚಾರಕರ ಕೋಣೆಯ ಪಕ್ಕ ಇಡಬೇಡಿ, ನೀರು ಕುಡಿಯುವ ಜಾಗದ ಹತ್ತಿರ ಇಡಿ.

ಉತ್ತರಗಳನ್ನು ಓದುತ್ತ ಹೋದಂತೆ ‘ಆರೈಕೆ’ ಎಂಬ ಒಂದೇ ಪದದೊಳಗೆ ಬೇರೆ ಬೇರೆ ರೀತಿಯ ಕಾಲ ಹರಿಯುತ್ತಿದೆ ಎಂಬುದು ತಿಳಿಯಿತು. ಈ ಭಾಗಕ್ಕೆ ನಾವು ಹೆಚ್ಚು ಹೊತ್ತು ಕೊಟ್ಟೆವು, ಕೊಡಲೇಬೇಕಿತ್ತು. ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ದಿನ ಗೊತ್ತು, ಗಂಟೆ ಗೊತ್ತು, ಮುಂದಿನ ವರ್ಷವೂ ಅದೇ. ಇಲ್ಲಿ ಬೇಕಾದದ್ದು ರಜೆಯಲ್ಲ, ಆ ಮೂರು ದಿನಗಳ ಕೆಲಸದ ಹೊತ್ತನ್ನು ಕಾಯಂ ಆಗಿ ಬದಲಿಸುವುದು. ಕೀಮೋಥೆರಪಿ ಅಲೆಯ ಹಾಗೆ ಬರುತ್ತದೆ. ಎರಡು ಮೂರು ವಾರಕ್ಕೊಂದು ಸುತ್ತು. ಕೊಟ್ಟ ದಿನಕ್ಕಿಂತ ನಂತರದ ದಿನಗಳು ಕಷ್ಟ. ಅನೇಕ ಔಷಧಗಳಲ್ಲಿ 7ರಿಂದ 14ನೇ ದಿನದ ಆಸುಪಾಸಿನಲ್ಲಿ ಬಿಳಿ ರಕ್ತಕಣಗಳು ತೀರ ಇಳಿಯುತ್ತವೆ, ಆಗ ಜ್ವರ ಬಂದರೆ ಅದು ತುರ್ತು. ಹಾಗಾಗಿ ಕೀಮೋ ದಿನಕ್ಕೆ ಒಂದು ರಜೆ ಕೊಟ್ಟು ‘ಆಯಿತಲ್ಲ’ ಎನ್ನುವ ಮ್ಯಾನೇಜರ್, ಎರಡನೇ ವಾರ ಆ ವ್ಯಕ್ತಿ ದಿಢೀರನೆ ಹೊರಟಾಗ ಮುಖ ಗಂಟು ಹಾಕುತ್ತಾರೆ. ಸುತ್ತಿನ ಪಟ್ಟಿಯನ್ನು ಮೊದಲೇ ಕ್ಯಾಲೆಂಡರಿಗೆ ಹಾಕಿ, ಎರಡನೇ ವಾರದಲ್ಲಿ ಗಡುವಿನ ಕೆಲಸ ಇಡದಿದ್ದರೆ ಅರ್ಧ ತೊಂದರೆ ಕಳೆಯುತ್ತದೆ.

ಪಾರ್ಶ್ವವಾಯು, ಸೊಂಟದ ಮೂಳೆ ಮುರಿತ ಇವೆಲ್ಲ ಒಂದೇ ಫೋನ್ ಕರೆಯಲ್ಲಿ ಬಂದಿಳಿಯುತ್ತವೆ. ಮೊದಲ ಕೆಲವು ದಿನ ಆಸ್ಪತ್ರೆ. ಆದರೆ ನಿಜವಾದ ಗಂಟು ಡಿಸ್ಚಾರ್ಜ್ ದಿನದಿಂದ ಶುರು. ನಾಳೆ ಮನೆಗೆ ಕರೆದುಕೊಂಡು ಹೋಗಿ ಎಂದು ಸಂಜೆ ಹೇಳುತ್ತಾರೆ. ಮನೆಯಲ್ಲಿ ಮಂಚ ಎತ್ತರವಿದೆ, ಬಚ್ಚಲಿನಲ್ಲಿ ಹಿಡಿಕೆಯಿಲ್ಲ, ಹಗಲು ನೋಡಿಕೊಳ್ಳಲು ಯಾರೂ ಇಲ್ಲ. ಪಾರ್ಶ್ವವಾಯುವಿನಲ್ಲಿ ಚೇತರಿಕೆ ಹೆಚ್ಚು ವೇಗವಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ, ಫಿಸಿಯೋಥೆರಪಿಯ ಭೇಟಿಗಳೂ ಆಗಲೇ ಜಾಸ್ತಿ. ರಜೆಯನ್ನೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದವರಿಗೆ ಈ ಹಂತದಲ್ಲಿ ಕೈ ಖಾಲಿ. ಡಿಮೆನ್ಷಿಯಾದ, ಅಂದರೆ ಮರೆವಿನ ಕಾಯಿಲೆಯ, ಕಥೆ ಬೇರೆ. ಅಲ್ಲಿ ಯಾವ ದಿನವೂ ತುರ್ತಲ್ಲ, ಯಾವ ದಿನವೂ ಬಿಡುವಿಲ್ಲ. ಸಂಜೆ ಹೊತ್ತಿಗೆ ಗಲಿಬಿಲಿ ಹೆಚ್ಚಾಗುವುದು ಸಾಮಾನ್ಯ, ಆದ್ದರಿಂದ ಸಂಜೆ ಐದರ ಮೀಟಿಂಗ್ ಅವರಿಗೆ ದಿನದ ಅತ್ಯಂತ ಕೆಟ್ಟ ಹೊತ್ತು. ಮಾನಸಿಕ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ಶಾಂತವಿದ್ದು ಒಂದು ವಾರ ಎಲ್ಲವೂ ಕದಡಿಹೋಗಬಹುದು, ಮತ್ತು ಅದನ್ನು ಕಚೇರಿಯಲ್ಲಿ ಬಾಯಿ ಬಿಟ್ಟು ಹೇಳುವವರು ತೀರ ಕಡಿಮೆ.

ಈ ನಕ್ಷೆ ಕೈಯಲ್ಲಿದ್ದುದರಿಂದ ರಜೆಯ ವಿನ್ಯಾಸ ಸುಲಭವಾಯಿತು. ಬೇರೆ ದೇಶಗಳ ಕಾನೂನುಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆವು. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ವರ್ಷಕ್ಕೆ ಕನಿಷ್ಠ 5 ಕೆಲಸದ ದಿನಗಳ ಆರೈಕೆ ರಜೆಯನ್ನು ಕೊಡುತ್ತದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ವರ್ಷಕ್ಕೆ ಒಂದು ವಾರ, ಆದರೆ ವೇತನವಿಲ್ಲ. ಅಮೆರಿಕದ 1993ರ ಕಾನೂನು 12 ವಾರ ವೇತನರಹಿತ ರಜೆ ಕೊಡುತ್ತದೆ. ಅದರಲ್ಲಿ ನಮಗೆ ಬೇಕಾದ ಒಂದು ಅಂಶ ಸಿಕ್ಕಿತು: ರಜೆಯನ್ನು ತುಣುಕಾಗಿ ಪಡೆಯುವಾಗ ಉದ್ಯೋಗದಾತರು ಅತಿ ಚಿಕ್ಕ ತುಣುಕನ್ನು ಒಂದು ಗಂಟೆಗಿಂತ ದೊಡ್ಡದಾಗಿ ನಿಗದಿಪಡಿಸುವಂತಿಲ್ಲ. ಜಪಾನಿನಲ್ಲಿ ಒಬ್ಬ ಕುಟುಂಬ ಸದಸ್ಯರಿಗೆ ಒಟ್ಟು 93 ದಿನ, ಮೂರು ಸಲಕ್ಕೆ ಹಂಚಿಕೊಳ್ಳಬಹುದು. ಇದರ ಜೊತೆ ವರ್ಷಕ್ಕೆ 5 ದಿನಗಳ ಬಿಡುವಿದೆ, ಅದನ್ನು 2021ರಿಂದ ಗಂಟೆಗಳ ಲೆಕ್ಕದಲ್ಲೂ ತೆಗೆದುಕೊಳ್ಳಬಹುದು. 93 ದಿನಗಳ ಹಿಂದಿರುವ ಆಲೋಚನೆ ಗಮನಿಸುವಂಥದ್ದು. ಅದು ಕೂತು ಆರೈಕೆ ಮಾಡಲು ಕೊಟ್ಟ ದಿನಗಳಲ್ಲ, ಆರೈಕೆಯ ವ್ಯವಸ್ಥೆಯನ್ನು ಕಟ್ಟಿ ಕೆಲಸಕ್ಕೆ ಮರಳಲು ಕೊಟ್ಟ ದಿನಗಳು.

ನಾವು ಇಟ್ಟುಕೊಂಡದ್ದು ವರ್ಷಕ್ಕೆ ವೇತನಸಹಿತ 40 ಗಂಟೆ, ಒಂದು ಗಂಟೆಯ ತುಣುಕುಗಳಲ್ಲಿ. ಎಂಟು ಗಂಟೆಯ ದಿನಕ್ಕೆ ಇದು ಐದೇ ದಿನ. ದಿನಗಳಲ್ಲಿ ಹೇಳಿದರೆ ಐದು ಸಲದಲ್ಲಿ ಮುಗಿಯುವ ಇದು, ಗಂಟೆಗಳಲ್ಲಿ ಹೇಳಿದರೆ ಎರಡು ಗಂಟೆಯ ಇಪ್ಪತ್ತು ಆಸ್ಪತ್ರೆ ಭೇಟಿ. ಎರಡು ಗಂಟೆಯ ಕೆಲಸಕ್ಕೆ ಅರ್ಧ ದಿನದ ರಜೆ ಬರೆಸಿಕೊಳ್ಳುವ ಪದ್ಧತಿ ಇರುವ ಕಡೆ, ಜನ ಉಳಿದ ಎರಡು ಗಂಟೆಯನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ, ಸಂಸ್ಥೆಯೂ ಕಳೆದುಕೊಳ್ಳುತ್ತದೆ. ಮೊದಲೇ ಗೊತ್ತಿರುವ ಭೇಟಿಗೆ 3 ದಿನ ಮುಂಚೆ ತಿಳಿಸಬೇಕು. ತುರ್ತಿಗೆ ಮುಂಚೆ ತಿಳಿಸುವ ಷರತ್ತು ಇಲ್ಲ, ಹೊರಟ ಎರಡು ಗಂಟೆಯೊಳಗೆ ಒಂದು ಸಾಲಿನ ಸಂದೇಶ ಸಾಕು. ವರ್ಷದ ನಡುವೆ ಆರೈಕೆ ಶುರುವಾದವರಿಗೂ ಪೂರ್ತಿ 40 ಗಂಟೆ. ಕಾಯಿಲೆ ಜನವರಿಯನ್ನು ನೋಡಿ ಬರುವುದಿಲ್ಲ.

ಯಾರ ಆರೈಕೆ ಎಂಬಲ್ಲಿ ಸ್ವಲ್ಪ ಚರ್ಚೆಯಾಯಿತು. ಅಮೆರಿಕದ ಕಾನೂನಿನ ಪಟ್ಟಿಯಲ್ಲಿ ಸಂಗಾತಿ, ಮಕ್ಕಳು, ತಂದೆತಾಯಿ ಇದ್ದಾರೆ. ಅತ್ತೆ ಮಾವ, ಅಣ್ಣ ತಂಗಿ ಇಲ್ಲ. ಬ್ರಿಟನ್ ಕಾನೂನು ಇದಕ್ಕಿಂತ ಉದಾರ, ಆರೈಕೆಗಾಗಿ ನಿಮ್ಮನ್ನು ನೆಚ್ಚಿಕೊಂಡವರು ಯಾರಾದರೂ ಆಗಬಹುದು. ನಾವು ಎರಡನೆಯದನ್ನೇ ಆರಿಸಿದೆವು. ರಕ್ತಸಂಬಂಧದ ಪಟ್ಟಿ ಇಟ್ಟರೆ, ಒಂಟಿಯಾಗಿರುವ ಚಿಕ್ಕಮ್ಮನನ್ನು ನೋಡಿಕೊಳ್ಳುವವರು ಸುಳ್ಳು ಬರೆಯಬೇಕಾಗುತ್ತದೆ. ಜನರನ್ನು ಸುಳ್ಳಿಗೆ ದೂಡುವ ನಿಯಮ ಕೆಟ್ಟ ನಿಯಮ.

ಪುರಾವೆಯ ವಿಷಯದಲ್ಲೂ ಇದೇ ನಿಲುವು. ಬ್ರಿಟನ್ನಿನ ಆರೈಕೆ ರಜೆಗೆ ಉದ್ಯೋಗದಾತರು ದಾಖಲೆ ಕೇಳುವಂತಿಲ್ಲ. ನಾವೂ 40 ಗಂಟೆಯೊಳಗೆ ಏನನ್ನೂ ಕೇಳುವುದಿಲ್ಲ ಎಂದು ಬರೆದೆವು. ರೋಗದ ಹೆಸರನ್ನು ಎಲ್ಲಿಯೂ ದಾಖಲಿಸಬಾರದು ಎಂಬುದನ್ನು ನಿಯಮವಾಗಿಯೇ ಸೇರಿಸಿದೆವು. ಅದು ಸಿಬ್ಬಂದಿಯ ಮಾಹಿತಿಯಲ್ಲ, ಸಂಸ್ಥೆಗೆ ಸಂಬಂಧವೇ ಇಲ್ಲದ ಮತ್ತೊಬ್ಬರ ಮಾಹಿತಿ. ರಜೆಯ ಅರ್ಜಿಯಲ್ಲಿದ್ದ ‘ಕಾರಣ’ ಎಂಬ ಖಾಲಿ ಚೌಕವನ್ನು ತೆಗೆಸುವುದೇ ಒಂದು ಪ್ರತ್ಯೇಕ ಹೋರಾಟವಾಯಿತು. ಚೌಕ ಇದ್ದರೆ ಜನ ತುಂಬುತ್ತಾರೆ. ತುಂಬಿದರೆ ಅದು ಐದು ಜನರ ಇನ್‌ಬಾಕ್ಸ್ ಸುತ್ತುತ್ತದೆ.

ಇನ್ನು ಕೆಲಸ ಹಂಚಿಕೆಯ ಪುಟ. ಈ ಇಡೀ ವ್ಯವಸ್ಥೆಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾವು ಉಳಿಸಿಕೊಳ್ಳುವುದು ಇದನ್ನು.

ಒಂದು ಪುಟ, ಐದು ಕಾಲಂ. ಕೆಲಸ ಏನು, ಗಡುವು ಯಾವಾಗ, ನಾನಿಲ್ಲದಾಗ ಯಾರು, ಅವರಿಗೆ ಏನು ಬೇಕು, ನಿಲ್ಲಿಸಿದರೆ ಏನಾಗುತ್ತದೆ. ಲೆಕ್ಕಪತ್ರ ವಿಭಾಗದ ಒಂದು ಪುಟದ ಸಾಲನ್ನು ಉದಾಹರಣೆಗೆ ನೋಡಿ: ‘ಪೂರೈಕೆದಾರರ ಬಿಲ್ ಪಾವತಿ, ಪ್ರತಿ ಗುರುವಾರ ಸಂಜೆ 4, ಪಕ್ಕದ ಟೀಮಿನ ಸಹೋದ್ಯೋಗಿ, ಪಾವತಿ ಅನುಮತಿ ಮತ್ತು ಎರಡನೇ ಸಹಿ, ಒಂದು ವಾರ ನಿಲ್ಲಿಸಬಹುದು, ಎರಡು ವಾರ ಆಗದು.’ ಅದರ ಕೆಳಗಿನ ಸಾಲು: ‘ವಾರದ ಖರ್ಚಿನ ವರದಿ; ಶುಕ್ರವಾರ; ಯಾರೂ ಬೇಡ; ಏನೂ ಬೇಡ; ನಿಲ್ಲಿಸಬಹುದು, ತಿಂಗಳ ವರದಿಯಲ್ಲಿ ಬರುತ್ತದೆ.’ ಐದನೇ ಕಾಲಂ ಹೆಚ್ಚು ಉಪಯೋಗಕ್ಕೆ ಬಂತು. ಯಾರೂ ಓದದ ವರದಿಗಳು, ಅಭ್ಯಾಸಬಲದಿಂದ ನಡೆಯುತ್ತಿದ್ದ ಮೀಟಿಂಗ್‌ಗಳು ಅಲ್ಲಿ ಬಯಲಾದವು. ಹಂಚಲು ಕೈಗಳಿಲ್ಲದ ಚಿಕ್ಕ ಟೀಮಿಗೆ, ಯಾವುದನ್ನು ನಿಲ್ಲಿಸಬಹುದು ಎಂಬ ತೀರ್ಮಾನವೇ ದೊಡ್ಡ ನೆರವು. ಆ ತೀರ್ಮಾನವನ್ನು ಮ್ಯಾನೇಜರ್ ಮುಂಚೆಯೇ ಸಹಿ ಹಾಕಿ ಕೊಟ್ಟಿರಬೇಕು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ‘ಈ ವರದಿ ಬಿಡಬಹುದಾ?’ ಎಂದು ಫೋನ್ ಮಾಡುವ ಪಾಡು ಯಾರಿಗೂ ಬರಬಾರದು.

ಮೂರನೇ ಕಾಲಂಗೆ ಎರಡು ನಿಯಮ. ಮ್ಯಾನೇಜರ್ ಹೆಸರು ಒಂದಕ್ಕಿಂತ ಹೆಚ್ಚು ಸಾಲಿನಲ್ಲಿ ಬರಬಾರದು. ಬಂದರೆ ಅದು ಹಂಚಿಕೆಯಲ್ಲ, ಮುಂದೂಡಿಕೆ. ಒಬ್ಬ ವ್ಯಕ್ತಿ ಇಬ್ಬರಿಗಿಂತ ಹೆಚ್ಚು ಜನರಿಗೆ ಬದಲಿಯಾಗಬಾರದು. ಯಾವ ಟೀಮಿನಲ್ಲೂ ಇಲ್ಲವೆನ್ನದ ಒಬ್ಬರು ಇದ್ದೇ ಇರುತ್ತಾರೆ, ನಿಯಮವಿಲ್ಲದಿದ್ದರೆ ಎಲ್ಲ ಪುಟಗಳಲ್ಲೂ ಅವರದೇ ಹೆಸರು.

ಮೊದಲ ಸಲ ಪುಟಗಳೆಲ್ಲ ಚೆಂದವಾಗಿ ತುಂಬಿ ಬಂದವು, ನಾವು ಖುಷಿಪಟ್ಟೆವು. ನಿಜವಾದ ತುರ್ತು ಬಂದಾಗ ಮೂರಕ್ಕೆ ಎರಡು ಸಾಲು ಕೆಲಸ ಮಾಡಲಿಲ್ಲ. ಬದಲಿ ಎಂದು ಹೆಸರಿದ್ದವರಿಗೆ ಸಿಸ್ಟಮ್ ಅನುಮತಿಯೇ ಇರಲಿಲ್ಲ. ಗ್ರಾಹಕರ ಫೋನ್ ನಂಬರ್ ಒಬ್ಬರ ಸ್ವಂತ ಮೊಬೈಲಿನಲ್ಲಿ ಮಾತ್ರ ಇತ್ತು. ಎಕ್ಸೆಲ್ ಹಾಳೆಯ ಒಂದು ಕಾಲಂ ಯಾವ ಲೆಕ್ಕಾಚಾರದಿಂದ ಬರುತ್ತದೆ ಎಂಬುದು ಬರೆದವರ ತಲೆಯಲ್ಲಿತ್ತು. ಆಮೇಲಿನಿಂದ ಆರು ವಾರಕ್ಕೊಮ್ಮೆ ಅರ್ಧ ದಿನದ ತಾಲೀಮು ಇಟ್ಟೆವು. ಆ ವ್ಯಕ್ತಿ ಪಕ್ಕದ ಕೋಣೆಯಲ್ಲಿ ಬೇರೆ ಕೆಲಸ ಮಾಡುತ್ತ ಕೂರುತ್ತಾರೆ, ಬದಲಿಯವರು ಪುಟ ನೋಡಿಕೊಂಡು ಕೆಲಸ ನಡೆಸುತ್ತಾರೆ. ಎಷ್ಟು ಸಲ ಪಕ್ಕದ ಕೋಣೆಯ ಬಾಗಿಲು ತಟ್ಟಬೇಕಾಯಿತು ಎಂದು ಎಣಿಸುವುದು, ಅಷ್ಟೇ. ಪ್ರತಿ ತಟ್ಟುವಿಕೆ ಪುಟದ ನಾಲ್ಕನೇ ಕಾಲಂಗೆ ಸೇರಬೇಕಾದ ಒಂದು ಸಾಲು.

ಈ ಪುಟವನ್ನು ಆರೈಕೆ ಮಾಡುವವರಿಗೆ ಮಾತ್ರ ಮಾಡಬೇಡಿ. ಟೀಮಿನ ಎಲ್ಲರಿಗೂ ಇರಲಿ. ಕೆಲವರಿಗೆ ಮಾತ್ರ ಮಾಡಿದರೆ ಪುಟ ಇರುವುದೇ ಗುರುತಿನ ಚೀಟಿಯಾಗುತ್ತದೆ. ಎಲ್ಲರಿಗೂ ಇದ್ದರೆ ಮದುವೆಗೆ ಹೋದವರಿಗೂ ಜ್ವರ ಬಂದವರಿಗೂ ಅದೇ ಆಸರೆ.

ಬದಲಿಯಾಗಿ ನಿಲ್ಲುವವರ ಮನಸ್ಸನ್ನೂ ನೋಡಬೇಕು. ‘ಅವರ ಮನೇಲಿ ಕಷ್ಟ, ಅದಕ್ಕೆ ನಮಗ್ಯಾಕೆ ಶಿಕ್ಷೆ?’ ಎಂಬ ಮಾತು ಕೆಟ್ಟ ಮನಸ್ಸಿನಿಂದ ಬರುವುದಿಲ್ಲ, ದಣಿವಿನಿಂದ ಬರುತ್ತದೆ. ಬದಲಿ ಕೆಲಸದ ಗಂಟೆಗಳನ್ನು ಬರೆದಿಡುತ್ತೇವೆ. ತಿಂಗಳಿಗೆ 8 ಗಂಟೆ ದಾಟಿದರೆ ಅವರ ಸ್ವಂತ ಗುರಿಯಿಂದ ಅಷ್ಟು ಕಳೆಯಲೇಬೇಕು, ವಾರ್ಷಿಕ ಮೌಲ್ಯಮಾಪನದಲ್ಲಿ ಆ ಗಂಟೆಗಳು ಕಾಣಿಸಬೇಕು. ಬಾಯಿಮಾತಿನ ಥ್ಯಾಂಕ್ಸ್ ಎರಡು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ.

ಮ್ಯಾನೇಜರ್‌ಗಳ ತರಬೇತಿಗೆ ಮೊದಲು ಅರ್ಧ ದಿನದ ಸ್ಲೈಡ್‌ಗಳನ್ನು ಮಾಡಿದ್ದೆವು. ಯಾರಿಗೂ ನೆನಪುಳಿಯಲಿಲ್ಲ. ಅದನ್ನು ಬಿಟ್ಟು ಇಪ್ಪತ್ತು ನಿಮಿಷದ ಒಂದು ಸಂಭಾಷಣೆಯನ್ನು ಜೋಡಿಯಾಗಿ ಕೂರಿಸಿ ಅಭ್ಯಾಸ ಮಾಡಿಸಿದೆವು. ಮೊದಲ ಪ್ರಶ್ನೆ ‘ಈಗ ನಿಮಗೆ ದಿನದಲ್ಲಿ ಯಾವ ಹೊತ್ತು ಕಷ್ಟ?’ ಎಂದಿರಬೇಕು. ‘ಏನು ಕಾಯಿಲೆ?’ ಎಂದು ಶುರು ಮಾಡಿದರೆ ಮಾತು ಅನುಕಂಪಕ್ಕೆ ತಿರುಗುತ್ತದೆ, ಕೆಲಸದ ವ್ಯವಸ್ಥೆ ಮರೆತುಹೋಗುತ್ತದೆ. ಎರಡನೆಯದು ‘ಯಾವ ಕೆಲಸವನ್ನು ನೀವೇ ಇಟ್ಟುಕೊಳ್ಳಬೇಕು ಅನ್ನಿಸುತ್ತೆ?’ ಮೂರನೆಯದು ‘ಟೀಮಿಗೆ ಏನು ಹೇಳಲಿ, ಎಷ್ಟು ಹೇಳಲಿ?’ ಕೊನೆಗೆ ಐದು ಸಾಲಿನಲ್ಲಿ ಒಪ್ಪಿದ್ದನ್ನು ಬರೆದು, ಆರು ವಾರದ ನಂತರದ ಒಂದು ದಿನಾಂಕ ಹಾಕಬೇಕು. ದಿನಾಂಕ ಬಹಳ ಮುಖ್ಯ. ಆರೈಕೆಯ ಪರಿಸ್ಥಿತಿ ಬದಲಾಗುತ್ತದೆ, ಬದಲಾದಾಗ ಮತ್ತೆ ಕೇಳಿಕೊಂಡು ಹೋಗಲು ಜನರಿಗೆ ಸಂಕೋಚ.

ಕೇಳಬಾರದ ಪ್ರಶ್ನೆಗಳೂ ಇವೆ. ಗಂಡಸರಿಗೆ ‘ಮನೇಲಿ ಹೆಂಗಸರು ಯಾರೂ ಇಲ್ವಾ?’, ಹೆಂಗಸರಿಗೆ ‘ಇನ್ನೂ ಎಷ್ಟು ದಿನ ಹೀಗೆ?’ ಎರಡೂ ಸಹಜವಾಗಿಯೇ ಬಾಯಿಗೆ ಬರುತ್ತವೆ, ಎರಡೂ ಬಾಗಿಲು ಮುಚ್ಚುತ್ತವೆ. ಇವಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪಿದೆ. ‘ಪಾಪ, ಕಷ್ಟದಲ್ಲಿದ್ದಾರೆ’ ಎಂದು ಕೇಳದೆಯೇ ದೊಡ್ಡ ಪ್ರಾಜೆಕ್ಟಿನಿಂದ ಹೆಸರು ತೆಗೆಯುವುದು. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಬಡ್ತಿ ತಪ್ಪುವುದು ಹೀಗೆಯೇ. ಅಂಗವೈಕಲ್ಯವಿರುವ ಮಗುವಿನ ತಾಯಿಯನ್ನು ಆ ಕಾರಣಕ್ಕೆ ಕೆಲಸದಲ್ಲಿ ಕೀಳಾಗಿ ಕಾಣುವುದು ಕೂಡ ತಾರತಮ್ಯವೇ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2008ರಲ್ಲೇ ಹೇಳಿದೆ. ಅಂಗವೈಕಲ್ಯ ತಾಯಿಯದಲ್ಲ, ಮಗುವಿನದು. ಆದರೂ ರಕ್ಷಣೆ ತಾಯಿಗೂ ಉಂಟು.

ಶಿಫ್ಟ್ ಕೆಲಸದಲ್ಲಿ ಮೇಲಿನ ಅರ್ಧಕ್ಕರ್ಧ ಮಾತು ನಡೆಯುವುದಿಲ್ಲ. ಮನೆಯಿಂದ ಕೆಲಸ ಎಂಬ ಆಯ್ಕೆಯೇ ಅಲ್ಲಿಲ್ಲ. ಯಂತ್ರದ ಮುಂದೆ ನಿಂತವರ ಫೋನ್ ಲಾಕರಿನಲ್ಲಿರುತ್ತದೆ, ತಾಯಿ ಬಿದ್ದ ಸುದ್ದಿ ಅವರಿಗೆ ತಿಳಿಯುವುದು ಊಟದ ಬಿಡುವಿನಲ್ಲಿ. ಇದಕ್ಕೆ ಖರ್ಚಿಲ್ಲದ ಪರಿಹಾರ ಒಂದೇ. ಮೇಲ್ವಿಚಾರಕರ ಮೇಜಿನ ಮೇಲೆ ಒಂದು ಸ್ಥಿರ ಫೋನ್, ಅದರ ನಂಬರ್ ಮನೆಯವರ ಬಳಿ, ಮತ್ತು ‘ಕರೆ ಬಂದರೆ ಐದು ನಿಮಿಷದೊಳಗೆ ಆ ವ್ಯಕ್ತಿಗೆ ತಲುಪಿಸಬೇಕು’ ಎಂಬ ಗೋಡೆಗೆ ಅಂಟಿಸಿದ ಒಂದು ಸಾಲು. ಆ ಫೋನನ್ನು ಪ್ರತಿ ಶಿಫ್ಟಿನ ಆರಂಭದಲ್ಲಿ ಪರೀಕ್ಷಿಸಬೇಕು. ನಮ್ಮಲ್ಲಿ ಒಮ್ಮೆ ಅದರ ತಂತಿ ಕಿತ್ತು ಹಲವು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ಯಾರಿಗೆ ಯಾವ ಶಿಫ್ಟ್ ಎಂಬ ರೋಸ್ಟರ್ ಕನಿಷ್ಠ 4 ವಾರ ಮುಂಚೆ ಬರಬೇಕು. ಹಗಲಿನ ಸಹಾಯಕರನ್ನು ಗೊತ್ತು ಮಾಡುವುದು, ವೈದ್ಯರ ಭೇಟಿ ನಿಗದಿಪಡಿಸುವುದು ಎಲ್ಲವೂ ಅದರ ಮೇಲೆ ನಿಂತಿದೆ. ಶಿಫ್ಟ್ ಅದಲುಬದಲಿಗೆ ಇಬ್ಬರ ಒಪ್ಪಿಗೆ ಸಾಕು, ಮೇಲ್ವಿಚಾರಕರು ನೋಡಬೇಕಾದದ್ದು ಎರಡೇ: ಕೌಶಲ ಸರಿಯಿದೆಯೇ, ನಡುವೆ ವಿಶ್ರಾಂತಿಯ ಗಂಟೆಗಳು ಉಳಿದಿವೆಯೇ. ರಾತ್ರಿ ಮೂರು ನಾಲ್ಕು ಸಲ ಎದ್ದು ರೋಗಿಯನ್ನು ಹೊರಳಿಸಿ ಬಂದವರು ಬೆಳಗ್ಗೆ ಫೋರ್ಕ್‌ಲಿಫ್ಟ್ ಹತ್ತಬಾರದು. ಅಂಥ ದಿನ ‘ಇವತ್ತು ಯಂತ್ರ ಬೇಡ’ ಎಂದು ಹೇಳಿದರೆ, ಕಾರಣ ಕೇಳದೆ, ಕೂಲಿ ಕಡಿಯದೆ ಪ್ಯಾಕಿಂಗ್ ಅಥವಾ ತಪಾಸಣೆಗೆ ಹಾಕುವ ನಿಯಮ ಬೇಕು. ಕೂಲಿ ಕಡಿದರೆ ಯಾರೂ ಹೇಳುವುದಿಲ್ಲ, ನಿದ್ದೆಗಣ್ಣಲ್ಲೇ ಹತ್ತುತ್ತಾರೆ.

ಪೂರ್ಣ ಹಾಜರಿಗೆ ಕೊಡುವ ಬೋನಸ್ ಈ ಇಡೀ ವ್ಯವಸ್ಥೆಗೆ ಇಟ್ಟ ಗೂಟ. ಒಂದು ಕಡೆ 40 ಗಂಟೆ ಕೊಟ್ಟು, ಇನ್ನೊಂದು ಕಡೆ ಅದರಲ್ಲಿ ಒಂದು ಗಂಟೆ ಬಳಸಿದರೂ ತಿಂಗಳ ಬೋನಸ್ ಹೋಗುತ್ತದೆ ಎಂದರೆ ಕೊಟ್ಟಂತಾಗಲಿಲ್ಲ. ಆರೈಕೆಯ ಗಂಟೆಗಳನ್ನು ಹಾಜರಿಯಾಗಿಯೇ ಎಣಿಸಬೇಕು ಎಂದು ಬರೆಸಿದ ಮೇಲೆ ಶಿಫ್ಟಿನವರು ಅದನ್ನು ಬಳಸತೊಡಗಿದರು.

ಪೇರೋಲ್‌ನಲ್ಲಿ ಆದ ಒಂದು ಎಡವಟ್ಟನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಗಂಟೆ ಲೆಕ್ಕದ ರಜೆ ತರುವ ಎಲ್ಲರೂ ಇದಕ್ಕೆ ಸಿಕ್ಕಿಬೀಳಬಹುದು. ಸಾಫ್ಟ್‌ವೇರ್ ರಜೆಯನ್ನು ದಿನಗಳಲ್ಲೇ ಲೆಕ್ಕವಿಡುತ್ತಿತ್ತು. ಎಂಟು ಗಂಟೆಯ ದಿನದಲ್ಲಿ ಒಂದು ಗಂಟೆ ಎಂದರೆ 0.125 ದಿನ. ಎರಡೇ ದಶಮಾಂಶ ಸ್ಥಾನ ಇದ್ದುದರಿಂದ ಅದು 0.13 ಆಯಿತು. ಒಂದೊಂದೇ ಗಂಟೆಯಾಗಿ ಬಳಸಿದವರಿಗೆ 38 ಗಂಟೆಗೆ 4.94 ದಿನ ಖರ್ಚು. 39ನೇ ಗಂಟೆ ಕೇಳಿದಾಗ 5.07 ಆಗಿ ‘ರಜೆ ಬಾಕಿ ಇಲ್ಲ’ ಎಂಬ ಉತ್ತರ. ಹೆಚ್ಚು ತುಣುಕಾಗಿ ಬಳಸಿದವರಿಗೇ, ಅಂದರೆ ಹೆಚ್ಚು ಕಷ್ಟದಲ್ಲಿದ್ದವರಿಗೇ, ಎರಡು ಗಂಟೆ ಕೈಬಿಟ್ಟು ಹೋಗುತ್ತಿತ್ತು. ಬಾಕಿಯನ್ನು ನಿಮಿಷಗಳಲ್ಲಿ, 2400 ನಿಮಿಷ ಎಂದು, ಇಟ್ಟು ತೋರಿಸುವಾಗ ಮಾತ್ರ ಗಂಟೆಗೆ ಪರಿವರ್ತಿಸಿದ ಮೇಲೆ ಸರಿಹೋಯಿತು. ಇನ್ನೊಂದು: ವೇತನರಹಿತ ರಜೆಯ ತಿಂಗಳಲ್ಲಿ ಸಂಬಳವೇ ಇಲ್ಲದಿದ್ದರೆ ಆರೋಗ್ಯ ವಿಮೆಯ ಕಂತು ಕಡಿತವಾಗುವುದಿಲ್ಲ. ಮನೆಯಲ್ಲಿ ರೋಗಿ ಇರುವಾಗಲೇ ವಿಮೆ ಕಡಿದುಹೋಗುವ ಅಪಾಯ ಇದು. ಆ ತಿಂಗಳ ಕಂತನ್ನು ಸಂಸ್ಥೆ ಕಟ್ಟಿ, ಮರಳಿದ ಮೇಲೆ ಮೂರು ಕಂತಿನಲ್ಲಿ ಹಿಡಿದುಕೊಳ್ಳುವ ಏರ್ಪಾಡು ಮಾಡಿಕೊಳ್ಳಿ.

ಕೆಲವು ಪ್ರಯತ್ನಗಳು ಫಲ ಕೊಡಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿನ ಬೆಂಬಲ ಗುಂಪಿಗೆ ಜನ ಬರಲಿಲ್ಲ. ಆ ಅರ್ಧ ಗಂಟೆ ಅವರು ಮನೆಗೆ ಫೋನ್ ಮಾಡುವ ಹೊತ್ತು. ಪೋಸ್ಟರ್‌ಗಳನ್ನು ಯಾರೂ ಓದಲಿಲ್ಲ. ವರ್ಷಕ್ಕೊಮ್ಮೆ ಎಲ್ಲರಿಗೂ ಹೋಗುವ ಒಂದು ಪುಟದ ಪತ್ರ ಕೆಲಸ ಮಾಡಿತು. ಈ ಆಲೋಚನೆಗೆ ಜಪಾನಿನ ಮಾದರಿ ಇತ್ತು. ಅಲ್ಲಿ 2025ರ ಏಪ್ರಿಲ್‌ನಿಂದ ಸಿಬ್ಬಂದಿಗೆ 40 ವರ್ಷವಾಗುವ ಹೊತ್ತಿಗೆ ಆರೈಕೆ ರಜೆಯ ಮಾಹಿತಿಯನ್ನು ಉದ್ಯೋಗದಾತರೇ ಕೊಡಬೇಕು. ನಾವು ವಯಸ್ಸು ನೋಡಲಿಲ್ಲ, ಹೊಸದಾಗಿ ಸೇರಿದವರ ಕಡತದಲ್ಲೂ ಆ ಪುಟ ಇಟ್ಟೆವು. ತಾತನನ್ನು ನೋಡಿಕೊಳ್ಳುವ ಇಪ್ಪತ್ನಾಲ್ಕರ ಹುಡುಗರೂ ಇರುತ್ತಾರೆ.

ಯೋಜನೆ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಎಷ್ಟು ಗಂಟೆ ಬಳಕೆಯಾಯಿತು ಎಂಬ ಒಟ್ಟು ಲೆಕ್ಕ ಸಾಲದು. ಟೀಮುವಾರು ನೋಡಿ. ನಲವತ್ತು ಜನರ ವಿಭಾಗದಲ್ಲಿ ವರ್ಷವಿಡೀ ಒಂದು ಗಂಟೆಯೂ ಬಳಕೆಯಾಗಿಲ್ಲವೆಂದರೆ ಅಲ್ಲಿ ಎಲ್ಲರ ಮನೆಯವರೂ ಗಟ್ಟಿಮುಟ್ಟಾಗಿದ್ದಾರೆ ಎಂದು ತಿಳಿಯಬೇಡಿ, ಕೇಳಲು ಹೆದರಿದ್ದಾರೆ. ಬಳಸಿದವರ ಮತ್ತು ಬಳಸದವರ ಮೌಲ್ಯಮಾಪನದ ಶ್ರೇಣಿಗಳನ್ನು ಅಕ್ಕಪಕ್ಕ ಇಡಿ. ಮೊದಲ ಸಲ ಬಳಸಿದ ಹನ್ನೆರಡು ತಿಂಗಳೊಳಗೆ ಎಷ್ಟು ಜನ ಕೆಲಸ ಬಿಟ್ಟರು ನೋಡಿ. ರಜೆ ತೆಗೆದುಕೊಂಡ ದಿನವೇ ರಾತ್ರಿ ಒಂಬತ್ತರ ಮೇಲೆ ಕೆಲಸದ ಖಾತೆಗಳು ತೆರೆದುಕೊಳ್ಳುತ್ತಿವೆಯೇ ಎಂಬುದನ್ನು, ಹೆಸರಿಲ್ಲದೆ, ವಿಭಾಗದ ಮಟ್ಟದಲ್ಲಿ ಮಾತ್ರ ನೋಡಿ. ತೆರೆದುಕೊಳ್ಳುತ್ತಿದ್ದರೆ ಆ ವಿಭಾಗದ ಹಂಚಿಕೆಯ ಪುಟ ಬರೀ ಕಾಗದ.

ನಾವು ಕಡೆಗೆ ಗಮನಿಸಿದ್ದು ಆರೈಕೆ ಮುಗಿಯುವ ಹಂತ. ರೋಗಿ ತೀರಿಕೊಂಡಾಗ ಎಚ್‌ಆರ್ ವ್ಯವಸ್ಥೆಯಲ್ಲಿ ಆರೈಕೆಯ ಗುರುತನ್ನು ತೆಗೆಯುತ್ತಿದ್ದರು. ತೆಗೆದ ಕೂಡಲೇ ‘ನಿಮ್ಮ ಆರೈಕೆ ರಜೆಯ ಅರ್ಹತೆ ಕೊನೆಗೊಂಡಿದೆ’ ಎಂಬ ಸ್ವಯಂಚಾಲಿತ ಇಮೇಲ್ ಹೋಗುತ್ತಿತ್ತು. ಅಂತ್ಯಕ್ರಿಯೆಯ ಮಾರನೇ ದಿನ ಆ ಸಾಲನ್ನು ಓದಬೇಕಾದವರ ಎದುರು ಸಂಸ್ಥೆ ತಲೆ ತಗ್ಗಿಸಬೇಕು. ಅದರ ಜೊತೆಗೆ ಆರು ವಾರದ ಪರಿಶೀಲನೆಯ ನೆನಪೋಲೆ ಮ್ಯಾನೇಜರ್‌ಗೂ ಹೋಗಿ, ಏನೂ ತಿಳಿಯದ ಮ್ಯಾನೇಜರ್ ‘ಈಗ ಅವರು ಹೇಗಿದ್ದಾರೆ?’ ಎಂದು ಕೇಳುವ ಸಂದರ್ಭವೂ ಬರುತ್ತದೆ. ಆ ಇಮೇಲ್ ಅನ್ನು ತೆಗೆದುಹಾಕಿದೆವು. ಬದಲಿಗೆ ಎಚ್‌ಆರ್‌ನ ಒಬ್ಬರಿಗೆ ‘ಫೋನ್ ಮಾಡಿ, ಮ್ಯಾನೇಜರ್‌ಗೆ ತಿಳಿಸಿ, ಹಳೆಯ ನೆನಪೋಲೆಗಳನ್ನು ಅಳಿಸಿ’ ಎಂಬ ಮೂರು ಕೆಲಸ ಬೀಳುತ್ತದೆ. ಶೋಕದ ರಜೆ ಬೇರೆಯೇ ಇದೆ. ಅದು ಮುಗಿದ ಮೇಲೂ 60 ದಿನ, ಆರೈಕೆಗಾಗಿ ಬದಲಿಸಿಕೊಂಡಿದ್ದ ಕೆಲಸದ ಹೊತ್ತು ಹಾಗೆಯೇ ಮುಂದುವರಿಯುತ್ತದೆ. ಬಾಡಿಗೆಗೆ ತಂದ ಆಸ್ಪತ್ರೆ ಮಂಚ, ಆಮ್ಲಜನಕದ ಯಂತ್ರ ಹಿಂತಿರುಗಿಸಬೇಕು, ಬ್ಯಾಂಕ್ ಖಾತೆ ಮುಚ್ಚಬೇಕು, ವಿಮೆಯ ಕಾಗದಕ್ಕೆ ಓಡಾಡಬೇಕು. ಹಂಚಿಕೆಯ ಪುಟದ ಮೂರನೇ ಕಾಲಂನಲ್ಲಿರುವ ಹೆಸರನ್ನೂ ಅಲ್ಲಿಯವರೆಗೆ ತೆಗೆಯುವುದಿಲ್ಲ.